ಹೈದರಾಬಾದಿ ಗಿಡವೂ ನನ್ನ ತಾಂಬೂಲವೂ

ದೀಪಾವಳಿಗೆ ಮೊದಲು ನಮ್ಮ ಪಡಸಾಲೆಯ ಕಟ್ಟಿಗೆ ಕಂಬಗಳಿಗೆ ಹಸಿರು ಆಯಿಲ್ ಪೇಂಟು ಬಂತು. ಅದು ಬಂದ ದಿನವೇ ಈ ಮನೆಯಲ್ಲಿ ನನಗೆ ಉಳಿದಿದ್ದ ಒಂದೇ ಒಂದು ಸ್ವಾತಂತ್ರ್ಯವೂ ಹೊರಟುಹೋಯಿತು.

ಎಲೆ ಅಡಿಕೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಕದ ಪುಣ್ಯವಂತರಿಗಾಗಿ ಹೇಳುತ್ತೇನೆ. ವೀಳ್ಯದೆಲೆಗೆ ಸುಣ್ಣ ಸವರುವುದು ತೋರುಬೆರಳಿನಿಂದ. ಸವರಿದ ಮೇಲೆ ಬೆರಳಿನ ತುದಿಯಲ್ಲಿ ಒಂದಿಷ್ಟು ಸುಣ್ಣ ಉಳಿದೇ ಉಳಿಯುತ್ತದೆ. ಆ ಶೇಷವನ್ನು ಹತ್ತಿರದ ಕಂಬಕ್ಕೆ ಒರೆಸುವುದು ನಮ್ಮ ಮನೆತನದ ಪದ್ಧತಿ. ನಮ್ಮಜ್ಜ ಒರೆಸಿದ, ನಮ್ಮಪ್ಪ ಒರೆಸಿದ, ಅದೇ ಕಂಬಕ್ಕೆ ನಾನೂ ಒರೆಸುತ್ತ ಬಂದೆ. ಆ ಬಿಳಿ ಗೆರೆಗಳು ನಮ್ಮ ವಂಶವೃಕ್ಷ ಎಂದು ನಾನು ತಿಳಿದಿದ್ದೆ. ಹೊಲಸು ಎಂದು ನನ್ನ ಹೆಂಡತಿ ಜಯಮಾಲಾ ತಿಳಿದಿದ್ದಳು.

ಪೇಂಟು ಒಣಗುವ ಮೊದಲೇ ಆಜ್ಞೆ ಹೊರಟಿತು.

"ಇನ್ನ ಮ್ಯಾಲೆ ಕಂಬಕ್ಕ ಒಂದು ಬಟ್ಟು ಸುಣ್ಣ ಕಂಡರ, ನಿಮ್ಮ ಎಲಿ ಸಂಚಿ ತಗೊಂಡು ಹೋಗಿ ಬಾವ್ಯಾಗ ಒಗೀತೇನಿ ನೋಡ್ರಿ. ಸಂಚಿ ಹಿಂದ ನೀವು ಹೋದ್ರೂ ನಾ ಹಗ್ಗ ಬಿಡಂಗಿಲ್ಲ."

ನಾನು ಆಣೆ ಮಾಡಿದೆ. ಆ ಆಣೆಯನ್ನು ಇವತ್ತಿನವರೆಗೂ ಮುರಿದಿಲ್ಲ. ಓದುಗರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ನನ್ನ ಪರವಾಗಿ ಹೇಳಲು ಇದೊಂದೇ ಮಾತು ಉಳಿಯುವುದು.

ನಾನು ನಿವೃತ್ತ ಕನ್ನಡ ಅಧ್ಯಾಪಕ. ಜೇವರ್ಗಿಯಲ್ಲಿ, ಆಮೇಲೆ ಅಫಜಲಪುರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವ್ಯಾಕರಣ ಕಲಿಸಿ, ಕಡೆಗೆ ಆಳಂದದ ಹಿರಿಯರ ಮನೆಗೆ ಬಂದು ಕುಳಿತಿದ್ದೇನೆ. ಹೆಸರು ಶಾಂತಕುಮಾರ. ಹೆಸರಿಡುವಾಗ ಮಗುವಿನ ಮುಂದಿನ ಸ್ವಭಾವವನ್ನು ವಿಚಾರಿಸುವ ಪದ್ಧತಿ ಇಲ್ಲದ್ದರಿಂದ ಆದ ಪ್ರಮಾದವದು. ನಿಲ್ದಾಣದಲ್ಲಿ ನಿಂತರೆ ಬಸ್ಸು ಹೋಗಿಬಿಟ್ಟಿತೇ ಎಂದು ಚಿಂತಿಸುವವನು ನಾನು. ಬಸ್ಸು ಹತ್ತಿದರೆ ಇದು ಬೇರೆ ಊರಿನದೇ ಎಂದು ಚಿಂತಿಸುವವನೂ ನಾನೇ. ಚಿಂತೆಗೆ ಔಷಧ ಒಂದೇ, ತಾಂಬೂಲ. ಚಿಂತೆ ಹೆಚ್ಚಿದಷ್ಟೂ ಎಲೆ ಹೆಚ್ಚುತ್ತಿತ್ತು. ಈಚೆಗೆ ಕಲಬುರಗಿಯ ಹಲ್ಲಿನ ಡಾಕ್ಟರು ನನ್ನ ಬಾಯಿಯನ್ನು ಬ್ಯಾಟರಿ ಹಾಕಿ ನೋಡಿ, ಇದನ್ನು ಬಿಡುವುದು ಒಳ್ಳೆಯದು ಎಂದಿದ್ದರು. ಅಂದಿನಿಂದ ಜಯಮಾಲಾಳಿಗೆ ಅನ್ನ ಸೇರುತ್ತಿರಲಿಲ್ಲ, ನನಗೆ ಖಾರ ಸೇರುತ್ತಿರಲಿಲ್ಲ. ಎಲೆ ಮಾತ್ರ ಸೇರುತ್ತಿತ್ತು.

ಇಂಥ ಸಂದಿಗ್ಧ ಕಾಲದಲ್ಲಿ ನಮ್ಮ ಮಗಳು ಸೀಮಾ ಒಂದು ಗಿಡ ತಂದಳು.

ಸೀಮಾ ಕಡಗಂಚಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ರವಿವಾರ ಮನೆಗೆ ಬರುತ್ತಾಳೆ. ದೀಪಾವಳಿ ರಜೆಯಲ್ಲಿ ಜೊತೆಗಾರ್ತಿಯರೊಡನೆ ಊಟಿಗೆ ಹೋಗಿದ್ದವಳು, ಬರುವಾಗ ಒಂದು ಪ್ಲಾಸ್ಟಿಕ್ ಚೀಲವನ್ನು ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಇಳಿದಳು. ಚೀಲದಲ್ಲಿ ಅಗಲ ಎಲೆಗಳ, ಅಂಚಿಗೆ ಗರಗಸದ ಹಲ್ಲಿದ್ದ, ಮೊಳದುದ್ದದ ಗಿಡ. ಹೂವಿರಲಿಲ್ಲ. ಅಲ್ಲಿ ಕಂಡ ಹೂವನ್ನು ಫೋನಿನಲ್ಲಿ ತೋರಿಸಿದಳು. ನೂರಾರು ಪುಟ್ಟ ಹೂಗಳು ಸೇರಿ ಒಂದು ಚೆಂಡಾಗಿತ್ತು. ಮೋಡ ಸರಿದ ಮೇಲಿನ ಆಕಾಶದ ನೀಲಿ.

"ಇದಕ್ಕ ಹೈಡ್ರೇಂಜಿಯಾ ಅಂತಾರಪ್ಪಾ," ಎಂದಳು ಸೀಮಾ.

"ಹೈದ್ರಾಬಾದಿ ಗಿಡ ಅನ್ನವ್ವ," ಎಂದು ಪಕ್ಕದ ಮನೆಯ ಪ್ಯಾರಿಬಿ ಅಲ್ಲೇ ಮರುನಾಮಕರಣ ಮಾಡಿದಳು. ಪ್ಯಾರಿಬಿ ನನ್ನ ಹೆಂಡತಿಯ ಜೀವದ ಗೆಳತಿ. ಅವಳ ಗಂಡ ಲಾಡ್ಲೆಸಾಬ ಬಸ್ ನಿಲ್ದಾಣದ ಎದುರು ಪಾನಪಟ್ಟಿ ಅಂಗಡಿ ಇಟ್ಟಿದ್ದಾನೆ. ಅವನು ನನ್ನ ಜೀವದ ಗೆಳೆಯ. ಹೀಗೆ ನಮ್ಮ ಎರಡು ಮನೆಗಳ ಸ್ನೇಹ ಸರಿಸಮ ಹಂಚಿಕೆಯಾಗಿದೆ.

"ಒಂದು ಮಾತು ಅಪ್ಪಾ," ಎಂದಳು ಸೀಮಾ. "ಈ ಹೂವಿನ ಬಣ್ಣ ಮಣ್ಣಿನ ಮ್ಯಾಲೆ ಹೋಗ್ತದ. ಹುಳಿ ಮಣ್ಣಿದ್ರ ನೀಲಿ. ನಮ್ಮಂಥಾ ಕಪ್ಪು ಎರಿ ಮಣ್ಣಿಗೆ ಹಚ್ಚಿದ್ರ ಗುಲಾಬಿ. ನಮ್ಮ ಬಿಸಲಿಗೆ ಉಳೀತದೋ ಇಲ್ಲೋ ಅದ ಮೊದಲನೇ ಸವಾಲು."

"ಉಳಿದ್ರಲ್ಲ ಬಣ್ಣದ ಮಾತು," ಎಂದಳು ಜಯಮಾಲಾ. "ಮೊನ್ನೆ ಕೊತ್ತಂಬರಿ ಬಿತ್ತಿ ಏನ್ ಬೆಳದ್ರಿ? ಬರೇ ಕುಂಡ ಬೆಳೀತು."

ಈ ಮಾತು ಎದೆಗೆ ನಾಟಿತು. ಜೇವರ್ಗಿಯ ಶಾಲೆಯಲ್ಲಿ ನಾನು ಮಕ್ಕಳ ಕೈಯಿಂದ ಮಾಡಿಸಿದ ತೋಟವನ್ನು ನೋಡಲು ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡು ಬಂದಿದ್ದರು. (ನಾನು ವರ್ಗವಾಗುವಾಗ ಹೆಡ್‌ಮಾಸ್ಟರರು ಮಾತ್ರ ತೋಟದ ಸುದ್ದಿ ತೆಗೆಯಲಿಲ್ಲ. ಸೀಮೆಸುಣ್ಣದ ಕೈಯನ್ನು ನಾನು ದಿನವೂ ಬಾಗಿಲ ಚೌಕಟ್ಟಿಗೆ ಒರೆಸುತ್ತಿದ್ದುದನ್ನು ನೆನೆದು, "ಶಾಂತಕುಮಾರ್, ನಿಮ್ಮನ್ನ ಈ ಶಾಲಿ ಮರೆತ್ರೂ ಬಾಗಲಾ ಮರಿಯಂಗಿಲ್ಲ," ಎಂದು ಕಣ್ಣು ತೇವ ಮಾಡಿಕೊಂಡರು. ಪುಣ್ಯಾತ್ಮರು, ಈಗಿಲ್ಲ.)

"ನೀಲಿ ಹೂವು ಬರ್ತದ," ಎಂದೆ ನಾನು. "ಈ ಆಳಂದದಾಗ, ಈ ಪಡಸಾಲ್ಯಾಗ, ನನ್ನ ಕೈಯಾಗ."

ಜಯಮಾಲಾ ಸೆರಗಿಗೆ ಕೈ ಒರೆಸಿಕೊಂಡಳು. ಅವಳು ಹಾಗೆ ಕೈ ಒರೆಸಿಕೊಂಡರೆ ಯಾವುದೋ ಒಂದು ಮಾತು ಮುಗಿಯುತ್ತದೆ ಎಂದು ನಮ್ಮ ಮದುವೆಯಷ್ಟು ಹಳೆಯ ಅನುಭವ.

"ಹಂಗಾದ್ರ ಪಣ ಕಟ್ರಿ. ಹೂವು ನೀಲಿ ಬಂತಂದ್ರ ಜೀವ ಇರೋ ತನಕ ಎಲಿ ತಿನ್ರಿ, ನಾನ ಮಡಿಚಿ ಕೈಯಾಗ ಕೊಡ್ತೇನಿ. ನೀಲಿ ಬರಲಿಲ್ಲಂದ್ರ ಸಂಚಿ ನನಗ. ಪ್ಯಾರಿಬಿ, ನೀ ಸಾಕ್ಷಿ."

"ನಾ ಸಾಕ್ಷಿ," ಎಂದಳು ಪ್ಯಾರಿಬಿ, ತನ್ನ ಗಂಡನ ವ್ಯಾಪಾರದ ಗತಿ ಏನೆಂದು ಒಂದು ಕ್ಷಣವೂ ಯೋಚಿಸದೆ.

ನಾನು ಒಪ್ಪಿದೆ. ಒಪ್ಪಿದ ಮರುಗಳಿಗೆ ಒಂದು ಎಲೆ ಹಾಕಿಕೊಂಡೆ.

ಗಿಡಕ್ಕೆ ನಮ್ಮ ಎರಿ ಮಣ್ಣು ಮುಟ್ಟಿಸಬಾರದು. ಹುಮನಾಬಾದ ಕಡೆಯ ಕೆಂಪು ಮಣ್ಣನ್ನು ಚೀಲದಲ್ಲಿ ತುಂಬಿಸಿ ಬಸ್ಸಿನಲ್ಲಿ ತಂದೆ; ಕಂಡಕ್ಟರ್ ಇದೇನು ಎಂದಾಗ ಮಣ್ಣು ಎಂದೆ; ಅವನು ನನ್ನ ವಯಸ್ಸು ನೋಡಿ ಸುಮ್ಮನಾದ. ದೊಡ್ಡದೊಂದು ಕೆಂಪು ಮಣ್ಣಿನ ಕುಂಡ ಕೊಂಡೆ. ಇಡುವುದೆಲ್ಲಿ? ಬೇಸಿಗೆಯಲ್ಲಿಯೂ ತಣ್ಣಗಿರುವ ಜಾಗ ನಮ್ಮ ಮನೆಯಲ್ಲಿ ಒಂದೇ. ಪಡಸಾಲೆಯ ಮೂಲೆಯಲ್ಲಿ, ಕಂಬದ ಮಗ್ಗುಲಲ್ಲಿ, ನನ್ನ ಬೆತ್ತದ ಕುರ್ಚಿಯ ಬಲಗಡೆ. ಅಲ್ಲಿ ಜಯಮಾಲಾಳ ಕುಡಿಯುವ ನೀರಿನ ಗಡಿಗೆ ಇತ್ತು. ಗಡಿಗೆ ಅಡುಗೆಮನೆಗೆ ಹೋಯಿತು, ಗಿಡ ಮೂಲೆಗೆ ಬಂತು, ಅವಳ ಮುಖ ಬಾಗಿಲ ಕಡೆ ತಿರುಗಿತು.

ಬೋರಿನ ನೀರು ಸವಳು. ಗಿಡಕ್ಕೆ ಫಿಲ್ಟರ್ ನೀರಿನ ಕ್ಯಾನು ತರಿಸತೊಡಗಿದೆ.

"ಮನಿಷ್ಯಾರು ಬೋರಿನ ನೀರು ಕುಡೀಬೇಕು, ಗಿಡಕ್ಕ ಕ್ಯಾನಿನ ನೀರು," ಎಂದಳು ಜಯಮಾಲಾ. "ನಾಳೆ ಅದಕ್ಕ ಹಾಲು ಸಕ್ರಿ ಹಾಕಿ ಚಾ ಮಾಡ್ರಿ."

ಚಹಾದ ಮಾತು ತಮಾಷೆಯಲ್ಲ. ಸೋಸಿದ ಚಹಾಪುಡಿ ಮಣ್ಣಿಗೆ ಹುಳಿ ಕೊಡುತ್ತದೆ ಎಂದು ಸೀಮಾ ಫೋನಿನಲ್ಲಿ ಓದಿ ಹೇಳಿದ್ದಳು. ಹುಳಿ ಮಜ್ಜಿಗೆಯ ತಿಳಿ, ನಿಂಬೆಯ ಸಿಪ್ಪೆ, ಕ್ಷೌರದ ಮೇಲೆ ಗಲ್ಲಕ್ಕೆ ಉಜ್ಜುವ ಫಟಕಡಿಯನ್ನು ಕರಗಿಸಿದ ನೀರು, ಒಂದಾದ ಮೇಲೊಂದು ಹಾಕಿದೆ. ಮಜ್ಜಿಗೆಯೆಲ್ಲ ಗಿಡಕ್ಕೆ ಹೋಗಿ ನನ್ನ ರೊಟ್ಟಿಗೆ ಬರೀ ಶೇಂಗಾ ಹಿಂಡಿ ಉಳಿಯಿತು. ಬಾಯಿ ಉರಿಯುತ್ತಿತ್ತು. ಉರಿ ಮರೆಯಲು ಎಲೆ ಹಾಕಿದೆ.

ಈ ಗಿಡಕ್ಕೆ ಒಂದು ದುರ್ಗುಣವಿದೆ. ಮಧ್ಯಾಹ್ನವಾಯಿತೆಂದರೆ, ನೆರಳಿನಲ್ಲಿದ್ದರೂ, ಎಲೆಗಳೆಲ್ಲ ಒದ್ದೆ ಅರಿವೆಯ ಹಾಗೆ ಜೋತುಬೀಳುತ್ತವೆ. ಮೊದಲ ದಿನ ಇದನ್ನು ಕಂಡ ನಾನು ಸೀಮಾಳಿಗೆ ಫೋನು ಮಾಡಿ, "ಹೋತವ್ವ, ಎಲ್ಲಾ ಮುಗೀತು," ಎಂದುಬಿಟ್ಟೆ. ಪಾಪ, ಅವಳು ಅವ್ವನಿಗೇ ಏನೋ ಆಯಿತೆಂದು ಆಟೋ ಹಿಡಿದು ಬಂದಳು. ಬರುವಷ್ಟರಲ್ಲಿ ಸಂಜೆಯ ಗಾಳಿ ಬೀಸಿ, ಗಿಡ ತಲೆಯೆತ್ತಿ, ಏನೂ ಅರಿಯದ ಹಾಗೆ ನಿಂತಿತ್ತು. ಆಮೇಲಿಂದ ಒದ್ದೆ ಗೋಣಿತಟ್ಟು ಕಟ್ಟಿ, ಎದುರಿಗೆ ಟೇಬಲ್ ಫ್ಯಾನು ಇಟ್ಟೆ.

"ಹೋದ ವರ್ಷ ನನಗ ಜ್ವರ ಬಂದಾಗ ಈ ಫ್ಯಾನು ಕೆಟ್ಟದ ಅಂದಿದ್ರಲ್ಲ?"

"ಆವಾಗ ಕೆಟ್ಟಿತ್ತು."

"ಈಗ ಹ್ಯಾಂಗ ಸುದ್ದಾತು?"

ಕೆಲವು ಪ್ರಶ್ನೆಗಳು ಉತ್ತರಕ್ಕಾಗಿ ಹುಟ್ಟಿದವಲ್ಲ. ನಾನು ಕುರ್ಚಿಯನ್ನು ಇನ್ನಷ್ಟು ಕುಂಡದ ಹತ್ತಿರ ಎಳೆದುಕೊಂಡು ಸಂಚಿ ಬಿಚ್ಚಿದೆ.

ಮುಂಜಾನೆ ಪೇಪರು ಅಲ್ಲೇ, ಮಧ್ಯಾಹ್ನದ ತೂಕಡಿಕೆ ಅಲ್ಲೇ. ಪ್ಯಾರಿಬಿಯ ಆಡು ಹೊಸ್ತಿಲಲ್ಲಿ ಮೂತಿ ಇಟ್ಟರೆ ಕೋಲು ಹಿಡಿದು ಏಳುತ್ತಿದ್ದೆ. ಆಡಿನ ಭಯಕ್ಕೊಂದು ಎಲೆ, ಬಿಸಿಲಿನ ಭಯಕ್ಕೊಂದು ಎಲೆ, ಪಣದ ಭಯಕ್ಕೆ ಎರಡು. ಲಾಡ್ಲೆಸಾಬ ನನ್ನ ಬೆನ್ನು ತಟ್ಟಿ, "ಮಾಸ್ತರ, ಗಿಡಾ ಛಲೋ ನೋಡ್ಕೋರಿ. ನಿಮ್ಮ ಗಿಡದಾಗ ನನ್ನ ಅಂಗಡಿ ಅದ," ಎಂದು ಕಟ್ಟಿಗೆ ಎರಡು ಎಲೆ ಜಾಸ್ತಿ ಇಟ್ಟು ಕಳಿಸುತ್ತಿದ್ದ.

ಈ ನಡುವೆ ಜಯಮಾಲಾ ಒಂದು ದಿನ ಕಂಬವನ್ನು ಅಂಗೈಯಿಂದ ಸವರಿ ನೋಡಿ, ಬಹಳ ಸಮಾಧಾನದಿಂದ, "ಏನೇ ಅನ್ರಿ, ಕಂಬ ಮಾತ್ರ ಕನ್ನಡಿ ಇದ್ದಂಗ ಅದ. ಈ ಒಂದು ಮಾತು ಕೇಳಿದ್ರಿ," ಎಂದಳು. ಹೆಂಡತಿಯ ಬಾಯಿಂದ ಪ್ರಶಂಸೆ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಇವಳು ಯಾರೊಡನೆ ಮಾತಾಡುತ್ತಿದ್ದಾಳೆ ಎಂದು ನಾನು ಹಿಂದೆ ತಿರುಗಿ ನೋಡಿದೆ.

ಮಾಘ ಮಾಸದಲ್ಲಿ ಗಿಡದ ತುದಿಯಲ್ಲಿ ಹಸಿರು ಮೊಗ್ಗಿನ ಗೊಂಚಲು ಕಂಡಿತು. ಅದೇ ವಾರ ಅಫಜಲಪುರದಲ್ಲಿ ಜಯಮಾಲಾಳ ತವರಿನ ಕಡೆಯ ಮದುವೆ. ಬರುವುದಿಲ್ಲ ಎಂದೆ. "ಗಿಡ ಕಾಯಾಕ ಉಳಿದ್ರು ಅಂತ ನಾ ನಮ್ಮ ಮಂದಿ ಮುಂದ ಹೇಳಬೇಕೇನು?" ಎಂದಳು. ಗಿಡದ ಉಸ್ತುವಾರಿಯನ್ನು ಪ್ಯಾರಿಬಿಗೆ ಒಪ್ಪಿಸಿ, ಆಡನ್ನು ಕಟ್ಟಿಸಿ, ಬಸ್ಸು ಹತ್ತಿದೆ.

ಮುಹೂರ್ತ ನಡು ಮಧ್ಯಾಹ್ನ. ಎಲ್ಲರ ಕೈಯಲ್ಲಿ ಅಕ್ಷತೆ. ನನ್ನ ಕೈಯಲ್ಲಿ ಫೋನು. ಬ್ಯಾಂಡಿನ ಗದ್ದಲದಲ್ಲಿ ಕೂಗಿಯೇ ಮಾತಾಡಬೇಕಾಯಿತು.

"ಪ್ಯಾರಿಬಿ, ಈಗ ಹ್ಯಾಂಗದ? ತಲಿ ಕೆಳಗ ಹಾಕೇದ? ನೀರು ಹಾಕ್ರಿ, ಜರಾ ಜರಾ ಹಾಕ್ರಿ, ಒಮ್ಮೆಲೆ ಬ್ಯಾಡ. ಒದ್ದಿ ಅರಿವಿ ಹೊದಿಸಿದ್ರೇನು? ನಾ ಬರೋ ತನಕ ಹ್ಯಾಂಗರ ಮಾಡಿ ಉಳಿಸ್ರಿ."

ಫೋನು ಕಿವಿಯಿಂದ ತೆಗೆದಾಗ ಸುತ್ತಲಿನವರು ಅಕ್ಷತೆ ಹಾಕುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹವಳಗಾ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಜಯಮಾಲಾಳ ಅಣ್ಣನ ಮಗ ಧರ್ಮರಾಜ ನನ್ನ ತೋಳು ಹಿಡಿದು, "ಧೈರ್ಯ ತಗೋರಿ ಮಾಮಾ. ವಯಸ್ಸು ಬಾಳ ಆಗ್ಯಾವೇನ್ರಿ?" ಎಂದ.

"ಇಲ್ಲಪಾ, ಇನ್ನೂ ಸಣ್ಣದು," ಎಂದೆ.

ಧರ್ಮರಾಜನ ಕಣ್ಣು ತುಂಬಿತು. ಊಟಕ್ಕೂ ನಿಲ್ಲಗೊಡದೆ, ಹುಗ್ಗಿಯನ್ನು ಡಬ್ಬಿಗೆ ಕಟ್ಟಿಸಿ, ತನ್ನದೇ ಗಾಡಿಯಲ್ಲಿ ನಮ್ಮಿಬ್ಬರನ್ನೂ ಆಳಂದಕ್ಕೆ ಕಳಿಸಿದ. ನಡುದಾರಿಯಲ್ಲಿ ಜಯಮಾಲಾಳಿಗೆ ವಿಷಯ ತಿಳಿಯಿತು. ಅಲ್ಲಿಂದ ಆಳಂದದವರೆಗೆ ಅವಳು ಕಿಟಕಿಯ ಹೊರಗಿನ ತೊಗರಿ ಹೊಲಗಳೊಡನೆ ಮಾತಾಡುತ್ತಿದ್ದಳು. ಕೆಲವು ದಿನಗಳ ಮೇಲೆ ಧರ್ಮರಾಜ ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ರೋಗಿಯನ್ನು ನೋಡಲು ಬಂದ. ಜಯಮಾಲಾ ಅವನನ್ನು ಕುಂಡದ ಮುಂದೆ ಕೂಡಿಸಿ ಚಹಾ ಕೊಟ್ಟಳು. ಅವನು ಗಿಡವನ್ನು ನೋಡಿದ, ಫ್ಯಾನನ್ನು ನೋಡಿದ, ನನ್ನನ್ನು ನೋಡಿದ. ಬಾಳೆಹಣ್ಣನ್ನು ವಾಪಸು ಒಯ್ದ. ಒಯ್ಯಬಾರದಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮೊಗ್ಗು ಉಬ್ಬಿತು. ಹಸಿರು ಬಿಳಿಯಾಯಿತು. ನಾನು ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಒಂದು ಮುಂಜಾನೆ ಬಿಳಿ ಅಂಚಿನಲ್ಲಿ ಬಣ್ಣ ಇಣುಕಿತು. ಸೂರ್ಯನ ಬೆಳಕಿಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ಸಂಜೆ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಸಂಶಯವಿರಲಿಲ್ಲ. ನಮ್ಮೂರ ಐಸ್‌ಕ್ಯಾಂಡಿಯ ಹಾಗೆ, ಮದುಮಗಳ ಗಲ್ಲದ ಹಾಗೆ, ಅಚ್ಚ ಗುಲಾಬಿ.

ಕೆಂಪು ಮಣ್ಣು, ಕ್ಯಾನಿನ ನೀರು, ಮಜ್ಜಿಗೆ, ಫಟಕಡಿ. ಇಷ್ಟು ಹುಳಿ ಕುಡಿದ ಗಿಡ ಗುಲಾಬಿ ಹೂ ಬಿಡಬೇಕಾದರೆ ಹೊರಗಿನ ಕೈವಾಡ ಇರಲೇಬೇಕು. ಆಗ ಮಿಂಚಿನ ಹಾಗೆ ಒಂದು ನೆನಪು ಹೊಳೆಯಿತು. ಮೊಗ್ಗು ಕಂಡ ಶುಕ್ರವಾರ ಜಯಮಾಲಾ ಗಿಡಕ್ಕೆ ದೃಷ್ಟಿ ತೆಗೆದಿದ್ದಳು. ಅರಿಶಿಣದ ನೀರಿಗೆ ಸುಣ್ಣ ಕಲಸಿದ ಕೆಂಪು ಆರತಿ.

ಮರುದಿನ ರವಿವಾರ. ಸೀಮಾ ಬಂದಳು. ನಾನು ಪ್ಯಾರಿಬಿಯನ್ನೂ ಲಾಡ್ಲೆಸಾಬನನ್ನೂ ಕರೆಸಿದೆ. ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, ತರಗತಿಯಲ್ಲಿ ನಿಲ್ಲುವ ಹಾಗೆ ಕಂಬಕ್ಕೆ ಒರಗಿ ನಿಂತೆ.

"ಈ ಹೂವು ತಾನಾಗಿ ಗುಲಾಬಿ ಆಗಿಲ್ಲ," ಎಂದೆ. "ಮಾಡಲಾಗಿದೆ. ಸೀಮಾ, ಮಣ್ಣಿನ ಹುಳಿ ಯಾವುದರಿಂದ ಮುರೀತದ?"

"ಸುಣ್ಣದಿಂದ ಅಪ್ಪಾ."

"ಬ್ಯಾರೆ ಯಾವುದರಿಂದರ?"

"ನೀವು ಮಾಡಿದ ಬಂದೋಬಸ್ತಿನಾಗ ಬ್ಯಾರೆ ಏನೂ ಬರಾಕ ಹಾದಿ ಇಲ್ಲ."

"ಅಂದ್ರ ಸುಣ್ಣ. ಸುಣ್ಣವೇ. ಯಾರು ಈ ಕುಂಡಕ್ಕ ಸುಣ್ಣ ಕೊಟ್ರೋ ಅವರ ಇದಕ್ಕ ಹೊಣೆ. ಪಣಾನೂ ಅವರ ಸೋತಂಗ. ಎಲ್ಲಾರೂ ಒಪ್ತೀರೇನು?"

"ಒಪ್ಪಿದೆ," ಎಂದಳು ಪ್ಯಾರಿಬಿ. "ಇನ್ಸಾಫಿನ ಮಾತು," ಎಂದ ಲಾಡ್ಲೆಸಾಬ, ಬಹಳ ಆಸೆಯಿಂದ.

"ನಾನೂ ಒಪ್ಪಿದೆ," ಎಂದಳು ಜಯಮಾಲಾ.

ಅವಳು ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿಯಾದರೂ ನಾನು ಹುಷಾರಾಗಬೇಕಿತ್ತು.

"ಹಂಗಾದ್ರ ಹೇಳು. ಶುಕ್ರವಾರ ಆರತಿ ನೀರು ಎಲ್ಲಿ ಚೆಲ್ಲಿದಿ?"

"ಬಾಗಿಲ ಮುಂದ. ಹಾದ್ಯಾಗ. ಎಲ್ಲಾರೂ ಚೆಲ್ಲೋ ಜಾಗದಾಗ."

"ನಾನ ನೋಡೇನಿ," ಎಂದಳು ಪ್ಯಾರಿಬಿ. "ನಮ್ಮ ಆಡಿನ ಕಾಲಿಗೆ ಹತ್ತಿ ನಮ್ಮ ಅಂಗಳದ ತುಂಬ ಕೆಂಪು ಹೆಜ್ಜಿ ಆಗಿದ್ವು. ನಾ ಒರಸಿ ಒರಸಿ ಸಾಕಾದೆ."

ನನ್ನ ಮೊಕದ್ದಮೆಯ ಬುನಾದಿಯೇ ಅಲುಗಿತು. ಗೋಡೆಯಿಂದ ಉದುರಿರಬಹುದು ಎಂದೆ. ಗೋಡೆಗೆ ಡಿಸ್ಟೆಂಪರು, ಸುಣ್ಣವಲ್ಲ, ಎಂದಳು ಸೀಮಾ. ಹುಮನಾಬಾದಿನ ಮಣ್ಣೇ ಮೋಸದ್ದಿರಬಹುದು ಎಂದೆ. ನೀವೇ ನಾಲಿಗೆಗೆ ಹಚ್ಚಿ ನೋಡಿ ತಂದದ್ದಲ್ಲವೇ ಎಂದಳು. ಅಷ್ಟರಲ್ಲಿ ನನಗೆ ಬಾಯಿ ಒಣಗಿತು. ವಾದ ಮುಂದುವರಿಸುವ ಮೊದಲು ಒಂದು ಎಲೆ ಬೇಕೆನಿಸಿ ಕುರ್ಚಿಯಲ್ಲಿ ಕುಳಿತೆ. ಸಂಚಿ ಬಿಚ್ಚಿದೆ. ಎಲೆಯ ತೊಟ್ಟು ಮುರಿದೆ. ನಾರು ತೆಗೆದೆ. ಡಬ್ಬಿಯಿಂದ ಸುಣ್ಣ ತೆಗೆದು ಎಲೆಗೆ ಸವರಿದೆ. ಅಡಿಕೆ ಇಟ್ಟು ಮಡಚಿ ಎಡಗೈಯಿಂದ ಬಾಯಿಗೆ ಹಾಕಿಕೊಂಡೆ.

ನಾಲ್ವರೂ ನನ್ನ ಬಲಗೈಯನ್ನು ನೋಡುತ್ತಿದ್ದರು.

ನಾನೂ ನೋಡಿದೆ. ನನ್ನ ತೋರುಬೆರಳು, ನನ್ನ ಅಪ್ಪಣೆಯನ್ನು ಕೇಳದೆ, ಬಲಗಡೆ ಚಾಚಿ, ಕುಂಡದ ಒಳ ಅಂಚಿಗೆ ತನ್ನನ್ನು ತಾನು ನೀಟಾಗಿ ಒರೆಸಿಕೊಳ್ಳುತ್ತಿತ್ತು.

ಜಯಮಾಲಾ ಎದ್ದು ಬಂದಳು. ಎಲೆಗಳನ್ನು ಎತ್ತಿ ಹಿಡಿದಳು. ಕುರ್ಚಿಯ ಮಗ್ಗುಲಿಗೆ, ಎಲೆಗಳ ಮರೆಯಲ್ಲಿ, ಕೆಂಪು ಕುಂಡದ ಅಂಚು ಕೆಂಪಾಗಿ ಉಳಿದಿರಲಿಲ್ಲ. ಗೆರೆಯ ಮೇಲೆ ಗೆರೆ, ಗೆರೆಯ ಮೇಲೆ ಗೆರೆ. ಹೋಳಿಗೆಯ ಪದರದ ಹಾಗೆ ದಪ್ಪಗೆ ಕಟ್ಟಿತ್ತು. ನೀರು ಹಾಕಿದಾಗಲೆಲ್ಲ ಕರಗಿ ಇಳಿದ ಬಿಳಿ ಧಾರೆಗಳು ನೇರ ಬುಡಕ್ಕೆ ಹೋಗಿದ್ದವು.

"ಕಂಬ ಕನ್ನಡಿಯಂಗ ಯಾಕ ಇತ್ತು ಅಂತ ಈಗ ತಿಳೀತು," ಎಂದಳು.

"ಇದು ಸುಣ್ಣ ಅಲ್ಲ," ಎಂದೆ. "ಕುಂಡ ಉಪ್ಪು ಒಡದದ. ಹೊಸಾ ಮಣ್ಣಿನ ಸಾಮಾನಿಗೆ ಹಂಗ ಆಗ್ತದ."

"ಬೆರಳು ಕೊಡ್ರಿ ಇಲ್ಲಿ."

ಕೊಟ್ಟೆ. ಒಂದು ಗೆರೆಯ ಮೇಲೆ ಇಟ್ಟಳು. ಖಡ್ಗವು ಒರೆಗೆ ಸೇರಿದಂತೆ ಸೇರಿತು.

"ಯಾರ ಬೆರಳರ ಇರಬಹುದು," ಎಂದು ಲಾಡ್ಲೆಸಾಬ ಕಡೆಯ ಪ್ರಯತ್ನ ಮಾಡಿದ. "ತೋರುಬೆರಳು ಎಲ್ಲಾರಿಗೂ ಇರ್ತದಲ್ರಿ, ಅಕ್ಕೋರ."

"ನೀ ಸುಮ್ಮ ಕೂಡು," ಎಂದಳು ಪ್ಯಾರಿಬಿ. "ನಿನ್ನ ಅಂಗಡಿ ಸುಣ್ಣಾನ ಇದು."

ಇಂಥ ಸಂದರ್ಭದಲ್ಲಿ ಕೈ ಹಿಡಿಯುವುದು ವ್ಯಾಕರಣವೊಂದೇ. ನಾನು ಗಂಟಲು ಸರಿಮಾಡಿಕೊಂಡು ಕರ್ಮಣಿ ಪ್ರಯೋಗದಲ್ಲಿ ಹೇಳಿದೆ: "ಕುಂಡಕ್ಕೆ ಸುಣ್ಣವು ಹಚ್ಚಲ್ಪಟ್ಟಿದೆ. ಅಷ್ಟನ್ನು ಒಪ್ಪುತ್ತೇನೆ."

"ಯಾರಿಂದ?" ಎಂದಳು ಜಯಮಾಲಾ. ನನ್ನೊಡನೆ ಇಷ್ಟು ವರ್ಷ ಬಾಳಿ ಅವಳು ತೃತೀಯಾ ವಿಭಕ್ತಿಯನ್ನು ಚೆನ್ನಾಗಿ ಕಲಿತಿದ್ದಳು.

ಸಂಚಿ ಅವಳ ಕೈಗೆ ಹೋಯಿತು. ಆದರೆ ನಾನು ಸುಮ್ಮನೆ ಸೋಲುವ ಕುಳವಲ್ಲ. ಮೇಲ್ಮನವಿ ಸಲ್ಲಿಸಿದೆ. ಒಂದು ಬೆರಳಿನ ಸುಣ್ಣ ಇಡೀ ಕುಂಡದ ಹುಳಿಯನ್ನು ಮುರಿಯಿತು ಎನ್ನಲು ಪುರಾವೆ ಏನು? ಈ ಗಿಡದ ಜಾತಿಯೇ ಗುಲಾಬಿ ಇರಬಾರದೇಕೆ? ಸಂಶಯದ ಲಾಭ ಆರೋಪಿಗೆ ಸಿಗಬೇಕಲ್ಲವೇ?

ಸೀಮಾ ತೀರ್ಪು ಕೊಟ್ಟಳು. "ಅಪ್ಪಾ, ಹೂವು ಕತ್ತರಿಸಿ, ಹೊಸಾ ಕುಂಡ, ಹೊಸಾ ಕೆಂಪು ಮಣ್ಣು ಹಾಕೋಣು. ಮನಿಯಾಗ ಸುಣ್ಣದ ಡಬ್ಬಿ ಇರಬಾರದು. ಮುಂದಿನ ಹೂವು ಮತ್ತ ಗುಲಾಬಿ ಬಂದ್ರ ನಿಮ್ಮ ತಪ್ಪಿಲ್ಲ, ಸಂಚಿ ವಾಪಸ್ ತಗೋರಿ. ನೀಲಿ ಬಂದ್ರ ತಪ್ಪು ನಿಮ್ಮದ. ಸುಣ್ಣ ಅಡಿಕಿ ಕಾಯಂ ಬಿಡಬೇಕು."

ಎಲ್ಲರೂ ಒಪ್ಪಿದರು. ನನ್ನ ಪರಿಸ್ಥಿತಿಯನ್ನು ಓದುಗರು ಒಮ್ಮೆ ಊಹಿಸಿಕೊಳ್ಳಬೇಕು. ನಿನ್ನೆಯವರೆಗೆ ನೀಲಿಗಾಗಿ ಜೀವ ಬಿಟ್ಟವನು, ಇಂದಿನಿಂದ ಅದೇ ಗಿಡ ನೀಲಿಯಾಗದಿರಲಿ ಎಂದು ಬೇಡಿಕೊಳ್ಳಬೇಕು. ಆರೈಕೆ ಮಾಡುವವನೂ ನಾನೇ, ಏಕೆಂದರೆ ಆ ಗಿಡದ ಸ್ವಭಾವ ಬೇರೆ ಯಾರಿಗೂ ಗೊತ್ತಿಲ್ಲ. ನನ್ನ ಕೈಯಾರೆ ನನ್ನ ಎದುರಾಳಿಗೆ ಹಾಲೆರೆದು ಸಾಕಿದಂತೆ.

ಬಾಯಿ ಖಾಲಿ. ಮೊದಮೊದಲು ಸೋಂಪು ಜಗಿದೆ, ಕಲ್ಲುಸಕ್ಕರೆ ಚೀಪಿದೆ, ಪೆನ್ಸಿಲು ಕಚ್ಚಿದೆ. ಲಾಡ್ಲೆಸಾಬ ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ. ನನಗೆ ಎಲೆ ಕೊಡಕೂಡದೆಂದು ಪ್ಯಾರಿಬಿ ಅವನಿಗೂ ಹೇಳಿಟ್ಟಿದ್ದಳು. ಒಮ್ಮೆ ಪಕ್ಕದ ಓಣಿಯಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ, ಒಂದು ಚಮಚ ಸಾಕು, ಒಂದೇ ಚಮಚ, ಕುಂಡದ ಬುಡಕ್ಕೆ, ಎಂದು ಮನಸ್ಸು ಪಿಸುಗುಟ್ಟಿತು. ಅಲ್ಲಿಯ ಬಕೆಟ್ಟಿನವರೆಗೂ ಹೋದೆ. ಪರೀಕ್ಷೆಯಲ್ಲಿ ಚೀಟಿ ಇಟ್ಟ ಎಷ್ಟು ಹುಡುಗರನ್ನು ನಾನು ಹೊರಗೆ ನಿಲ್ಲಿಸಿರಲಿಲ್ಲ. ಅವರೆಲ್ಲ ಬಕೆಟ್ಟಿನ ಆಚೆ ಸಾಲಾಗಿ ನಿಂತು ನೋಡಿದಂತಾಯಿತು. "ಕೆಲಸ ಛಲೋ ನಡದದ," ಎಂದು ಬಣ್ಣದವರಿಗೆ ಹೇಳಿ ಬಂದೆ.

ಬೇಸಿಗೆ ಬಂತು. ಗಿಡ ಮಧ್ಯಾಹ್ನಕ್ಕೆ ಸಾಯುವುದು, ಸಂಜೆಗೆ ಹುಟ್ಟುವುದು ನಡೆದೇ ಇತ್ತು. ಒಮ್ಮೆ ಕರೆಂಟು ಹೋದಾಗ ಬೀಸಣಿಗೆಯಿಂದ ಗಾಳಿ ಹಾಕುತ್ತ ಕುಳಿತಿದ್ದೆ. ಜಯಮಾಲಾ ಬಂದು, ನನ್ನ ಕೈ ಸೋತಾಗ ಬೀಸಣಿಗೆ ಇಸಿದುಕೊಂಡಳು. ಇನ್ನೊಂದು ವಿಷಯ, ಇಷ್ಟವಿಲ್ಲದಿದ್ದರೂ ಹೇಳಬೇಕು. ಕಾರಹುಣ್ಣಿಮೆಯ ದಿನ ಎಣ್ಣೆಗಾಯಿಯನ್ನು ಬಾಯಿ ಉರಿಯದೆ ತಿಂದೆ. ತಿಂದದ್ದನ್ನು ಅವಳು ನೋಡಿದಳು. ನೋಡಿದ್ದನ್ನು ನಾನು ನೋಡಲಿಲ್ಲ ಎಂಬಂತೆ ಇನ್ನೊಂದು ರೊಟ್ಟಿ ಕೇಳಿದೆ.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮೊಗ್ಗು ಬಂತು. ಉಬ್ಬಿತು. ಬಿಳಿಯಾಯಿತು. ನಾನು ಭೂತಗನ್ನಡಿ ತೆಗೆದಿಟ್ಟುಬಿಟ್ಟೆ; ನೋಡುವ ಧೈರ್ಯವಿರಲಿಲ್ಲ.

ಒಂದು ಮುಂಜಾನೆ ಜಯಮಾಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪೇಪರು ಬಿಡಿಸಿದವನು ಅಂಚಿನಿಂದ ಹಾಗೇ ಬಲಕ್ಕೆ ಕಣ್ಣು ಹಾಯಿಸಿದೆ. ಗೊಂಚಲಿನ ನಡುವೆ ಒಂದು ಪುಟ್ಟ ಹೂವು ಬಿಚ್ಚಿಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು. ಮೋಡ ಸರಿದ ಮೇಲಿನ ಆಕಾಶದ ನೀಲಿ, ಫೋನಿನಲ್ಲಿ ಕಂಡದ್ದಕ್ಕಿಂತ ಒಂದು ಗುಂಜಿ ಹೆಚ್ಚು.

ಮನೆಯಲ್ಲಿ ಇನ್ನೂ ಯಾರೂ ನೋಡಿರಲಿಲ್ಲ. ಚಿವುಟಿದರೆ ಮುಗಿಯಿತು. ಆಡು ತಿಂದಿತು ಎನ್ನಬಹುದು. ಆ ಆಡಿನ ಚಾರಿತ್ರ್ಯ ಎಲ್ಲರಿಗೂ ಗೊತ್ತೇ ಇದೆ. ಇದನ್ನೆಲ್ಲ ನಾನು ಆಮೇಲೆ ಯೋಚಿಸಿದೆ. ಆ ಕ್ಷಣದಲ್ಲಿ ಮಾಡಿದ್ದೇನೆಂದರೆ, ಪೇಪರು ಎಸೆದು, ಕುರ್ಚಿ ಕೆಡವಿ, ಓಣಿಗೆಲ್ಲ ಕೇಳುವಂತೆ ಕೂಗಿದ್ದು:

"ಜಯಾ, ನೀಲಿ. ನೀಲಿ ಬಂದದ ಬಾ. ಪ್ಯಾರಿಬಿ, ಬರ್ರಿ ಇಲ್ಲಿ. ನನ್ನ ಗಿಡ ನೀಲಿ ಹೂವು ಬಿಟ್ಟದ."

ಜಯಮಾಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹೂವನ್ನು ನೋಡಿದಳು, ಬಹಳ ಹೊತ್ತು. ನನ್ನನ್ನೂ ನೋಡಿದಳು. ತಪ್ಪಿತಸ್ಥನೇ ತನ್ನ ಶಿಕ್ಷೆಯನ್ನು ಡಂಗುರ ಸಾರಿಕೊಂಡದ್ದು ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು.

"ಗೆದ್ರಿ ನೋಡ್ರಿ," ಎಂದಳು. "ನೀಲಿ ಬಂದ್ರ ನಾನ ಎಲಿ ಮಡಿಚಿ ಕೊಡ್ತೇನಿ ಅಂದಿದ್ದೆ. ಕೊಟ್ಟ ಮಾತು ಮಾತ."

ನನ್ನ ಎದೆ ಹಿಗ್ಗಿತು. ಎಂಥ ಹೆಂಗಸು, ಮೊದಲ ಕರಾರನ್ನು ನೆನಪಿಟ್ಟು ಎರಡನೆಯದನ್ನು ಮರೆತಿದ್ದಾಳೆ. ಅವಳು ಕೈ ತೊಳೆದು, ತಟ್ಟೆಯಲ್ಲಿ ಚಂದಾಗಿ ಮಡಚಿ ಲವಂಗ ಚುಚ್ಚಿದ ಎಲೆ ತಂದಳು. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡೆ. ಜಗಿದೆ. ಸೋಂಪು. ಗುಲ್ಕಂದು. ಒಂದು ಖರ್ಜೂರದ ಚೂರು. ಮತ್ತೂ ಜಗಿದೆ. ಮತ್ತೇನೂ ಇರಲಿಲ್ಲ.

"ಸುಣ್ಣ ಎಲ್ಲದ?"

"ಗಿಡಕ್ಕ ಆಗಿ ಬರಂಗಿಲ್ಲ ಅಂತ ನೀವ ಭಾಷಣ ಮಾಡಿದ್ರಲ್ಲ," ಎಂದು ಜಯಮಾಲಾ ರೊಟ್ಟಿಗೆ ಹೋದಳು.

ನಾನು ಕುರ್ಚಿ ಎತ್ತಿ ನಿಲ್ಲಿಸಿ ಕುಳಿತೆ. ಸಿಹಿ ಎಲೆ ಜಗಿಯುತ್ತ ನೀಲಿ ಹೂವನ್ನು ನೋಡಿದೆ. ತಿಳಿಯದ ಹಾಗೆ ತೋರುಬೆರಳು ಬಲಕ್ಕೆ ಚಾಚಿ ಕುಂಡದ ಅಂಚಿಗೆ ಒಮ್ಮೆ ಒರೆಸಿಕೊಂಡಿತು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

"ನೋಡಿದೆ," ಎಂದಳು ಒಳಗಿನಿಂದ.